ಮಗಳ ಗಂಜಿಗೆ ಕೋಳಿ ಕಟ್ಟು

ಭಾನುವಾರ ಬೆಳಿಗ್ಗೆ ಏಳೂವರೆಗೆಲ್ಲ ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ರಸ್ತೆ ಕೊನೆಯ ಕೋಳಿ ಅಂಗಡಿ ಮುಂದೆ ನಿಂತಿರುತ್ತೇನೆ. ಎಂಟೂವರೆ ಆಯಿತು ಅಂದರೆ ಅಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಬೆನ್ನು ಕೊಡಿ, ಕತ್ತು ಕೊಡಿ ಅಂತ ಆರಿಸಿ ಕೇಳುವುದಕ್ಕೆ ಆಗುವುದಿಲ್ಲ. ಬೇಗ ಹೋದರೆ "ಅಣ್ಣಾ, ಪಾಪುಗೆ" ಅಂದರೆ ಸಾಕು. ಎರಡು ಬೆನ್ನು ಮೂಳೆ, ಎರಡು ಕತ್ತು, ನಾಲ್ಕು ಕಾಲು, ಮಾಂಸ ಇರುವ ಒಂದು ತೊಡೆ. ಅವರು ಕತ್ತಿ ಎತ್ತುವ ಮೊದಲು ಪ್ರತಿ ವಾರವೂ ಒಂದು ಮಾತು ಹೇಳುತ್ತೇನೆ: "ಸಣ್ಣಗೆ ಕೊಚ್ಚಬೇಡಿ ಅಣ್ಣಾ, ಇಡಿಯಾಗಿ ಇರಲಿ." ಯಾಕೆ ಅನ್ನುವುದನ್ನು ಸೋಸುವ ಹೊತ್ತಿಗೆ ಹೇಳುತ್ತೇನೆ.

ನನ್ನ ಹೆಂಡತಿ ಸ್ಟಾಫ್ ನರ್ಸ್. ಅವಳಿಗೆ ಒಂದು ವಾರ ಬೆಳಗಿನ ಡ್ಯೂಟಿ, ಒಂದು ವಾರ ರಾತ್ರಿ ಡ್ಯೂಟಿ. ನನ್ನದು ಜೆರಾಕ್ಸ್ ಅಂಗಡಿ. ಹತ್ತು ಗಂಟೆಗೆ ಬಾಗಿಲು ತೆಗೆದರೆ ನಡೆಯುತ್ತದೆ. ಹಾಗಾಗಿ ಮಗಳಿಗೆ ಆರು ತಿಂಗಳು ತುಂಬಿ, ಎದೆಹಾಲಿನ ಜೊತೆ ಊಟ ಶುರು ಮಾಡಿದಾಗಿನಿಂದ ಅವಳ ಅಡುಗೆ ನನ್ನ ಕೆಲಸ. ಈಗ ಅವಳಿಗೆ ಒಂದು ವರ್ಷ ಎರಡು ತಿಂಗಳು. ಏಳನೇ ತಿಂಗಳಿನಿಂದ ಹೆಚ್ಚು ಕಡಿಮೆ ಪ್ರತಿ ಭಾನುವಾರ ಈ ಕಟ್ಟು ಮಾಡುತ್ತಾ ಬಂದಿದ್ದೇನೆ.

ಬೇಳೆ ಬೇಯಿಸಿ ಬಸಿದ ನೀರಿಗೆ ಬೇಳೆ ಕಟ್ಟು ಅಂತೀವಲ್ಲ, ಅದೇ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಇದು ಕೋಳಿ ಕಟ್ಟು. ಹೋಟೆಲ್‌ನವರು ಚಿಕನ್ ಸ್ಟಾಕ್ ಅನ್ನುತ್ತಾರೆ. ಮೂಳೆ, ಸ್ವಲ್ಪ ಮಾಂಸ, ಒಂದೆರಡು ತರಕಾರಿ ಹಾಕಿ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿ ಸೋಸಿದ ನೀರು. ಉಪ್ಪಿಲ್ಲ, ಖಾರವಿಲ್ಲ, ಮಸಾಲೆ ಇಲ್ಲ.

ಇದು ಕುಡಿಸೋಕಲ್ಲ

ಮೊದಲು ಇದನ್ನೇ ಹೇಳಬೇಕು. ಯಾಕೆಂದರೆ ನಾನು ಇಲ್ಲೇ ತಪ್ಪಿದೆ.

ಮಗಳಿಗೆ ಎಂಟು ತಿಂಗಳಿದ್ದಾಗ ಕಟ್ಟು ಬಹಳ ಚೆನ್ನಾಗಿ ಬಂದಿತ್ತು. ಚಿನ್ನದ ಬಣ್ಣ, ಒಳ್ಳೆ ಘಮ. ಅವಳೂ ಚಪ್ಪರಿಸಿ ಕುಡಿದಳು. ನನಗೆ ಹಿಗ್ಗೋ ಹಿಗ್ಗು. ಮೂಳೆಯ ಸತ್ವ ಎಲ್ಲ ಹೊಟ್ಟೆಗೆ ಹೋಯಿತು ಅಂದುಕೊಂಡು ದಿನಕ್ಕೆ ಎರಡು ಸಲ, ಊಟಕ್ಕೆ ಸ್ವಲ್ಪ ಮುಂಚೆ, ಸಣ್ಣ ಲೋಟದಲ್ಲಿ ಕುಡಿಸತೊಡಗಿದೆ. ಆಮೇಲೆ ಗಂಜಿ ಕೊಟ್ಟರೆ ನಾಲ್ಕು ಚಮಚಕ್ಕೆ ಮುಖ ತಿರುಗಿಸುತ್ತಿದ್ದಳು. ಹಲ್ಲು ಬರುತ್ತಿರಬೇಕು, ಅದಕ್ಕೇ ಹೀಗೆ ಅಂದುಕೊಂಡೆ. ತಿಂಗಳ ಕೊನೆಗೆ ತೂಕ ನೋಡಿಸಿದಾಗ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೆ ಹೋಗುವ ಬದಲು ಮಟ್ಟಸವಾಗಿ ನಿಂತಿತ್ತು. ಮಕ್ಕಳ ಡಾಕ್ಟರು ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಕೊಡುತ್ತೀರಿ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ಹೇಳಿದರು: "ಅದರ ಹೊಟ್ಟೆ ಇರೋದೇ ಇಷ್ಟಗಲ. ಅದನ್ನ ನೀವು ನೀರಲ್ಲಿ ತುಂಬಿಸಿದರೆ ಅನ್ನ ಎಲ್ಲಿಗೆ ಹೋಗಬೇಕು?"

ಅವತ್ತು ಮನೆಗೆ ಬರುವಾಗ ನನಗೆ ಬಹಳ ಸಂಕಟ ಆಯಿತು. ಪ್ರೀತಿಯಿಂದಲೇ ಮಗಳನ್ನು ಅರೆಹೊಟ್ಟೆಯಲ್ಲಿ ಇಟ್ಟಿದ್ದೆ.

ಅಂದಿನಿಂದ ಇದ್ದದ್ದು ಒಂದೇ ನಿಯಮ. ಕಟ್ಟು ಊಟವಲ್ಲ, ಊಟ ಬೇಯಿಸುವ ನೀರು. ಗಂಜಿಗೆ, ನವಣೆಗೆ, ರಾಗಿಗೆ, ಆಲೂಗಡ್ಡೆಗೆ ನೀರು ಹಾಕುವ ಕಡೆ ಇದನ್ನು ಹಾಕುತ್ತೇನೆ. ಅದರ ಜೊತೆ ಕೋಳಿಯ ಮಾಂಸವೂ ಹೋಗಬೇಕು. ಕಟ್ಟಿನಲ್ಲಿ ಇರುವುದು ರುಚಿ, ಸ್ವಲ್ಪ ಕೊಬ್ಬು, ಮೂಳೆ ಸಂದಿಯಿಂದ ಇಳಿದ, ತಣ್ಣಗಾದಾಗ ಜೆಲ್ಲಿಯಂತೆ ಗಟ್ಟಿಯಾಗುವ ಜೆಲಾಟಿನ್. ಆರು ತಿಂಗಳು ಕಳೆದ ಮೇಲೆ ಹುಟ್ಟುವಾಗ ತಂದ ಕಬ್ಬಿಣದ ಅಂಶ ಮಕ್ಕಳಲ್ಲಿ ಕರಗುತ್ತಾ ಬರುತ್ತದೆ. ಅದನ್ನು ತುಂಬುವುದು ಮಾಂಸ, ಲಿವರ್, ಬೇಳೆಕಾಳು. ಮೂಳೆ ನೀರಲ್ಲ. ಮೂಳೆ ಕುದಿಸಿದರೆ ಕ್ಯಾಲ್ಸಿಯಂ ಇಳಿಯುತ್ತದೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಇಳಿಯುವುದು ಬಹಳ ಕಡಿಮೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಬೇಕಾದರೆ ಇದೇ ಕಟ್ಟಿನಲ್ಲಿ ರಾಗಿ ಬೇಯಿಸಿ. ರುಚಿ, ಕ್ಯಾಲ್ಸಿಯಂ ಎರಡೂ ಕೂಡಿ ಬರುತ್ತವೆ.

ಹಾಗಾದರೆ ಕಟ್ಟು ಯಾಕೆ ಬೇಕು? ಉಪ್ಪಿಲ್ಲದ ಸಪ್ಪೆ ಗಂಜಿಯನ್ನು ಮಗು ಎರಡು ಚಮಚ ತಿನ್ನುವ ಕಡೆ ಹತ್ತು ಚಮಚ ತಿನ್ನುತ್ತದೆ. ಅದಕ್ಕೆ ಬೇಕು. ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಾಗಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು

ಬರೀ ಮಾಂಸದಿಂದ ಕಟ್ಟು ಗಟ್ಟಿ ಬರುವುದಿಲ್ಲ. ಬರೀ ಮೂಳೆಯಿಂದ ರುಚಿ ಬರುವುದಿಲ್ಲ. ಬೆನ್ನು, ಕತ್ತು, ಕಾಲು ಸೇರಿ ಅರ್ಧ ಕೆಜಿ, ಅದಕ್ಕೆ ಮಾಂಸ ಇರುವ ತೊಡೆ ಒಂದು. ಇದು ನನ್ನ ಅಳತೆ. ಎದೆ ಮಾಂಸಕ್ಕಿಂತ ತೊಡೆ ಮಾಂಸದಲ್ಲಿ ಕಬ್ಬಿಣ ಹೆಚ್ಚು, ಮೆತ್ತಗೂ ಇರುತ್ತದೆ. ಬೆನ್ನು, ಕತ್ತು, ಕಾಲಿಗೆ ಅಂಗಡಿಯವರು ದುಡ್ಡು ತೆಗೆದುಕೊಳ್ಳುವುದೂ ಅಷ್ಟಕ್ಕಷ್ಟೇ.

ಕಾಲು ಬಿಡಬೇಡಿ. ಜೆಲಾಟಿನ್ ಹೆಚ್ಚು ಬರುವುದು ಅದರಿಂದಲೇ. ಕೆಲವು ಅಂಗಡಿಯಲ್ಲಿ ಹಳದಿ ಪೊರೆ ಹಾಗೇ ಇರುತ್ತದೆ. ಅರ್ಧ ನಿಮಿಷ ಬಿಸಿ ನೀರಲ್ಲಿ ಅದ್ದಿ ತೆಗೆದರೆ ಕಾಲುಚೀಲದ ಥರ ಕಳಚಿ ಬರುತ್ತದೆ. ಉಗುರಿನ ತುದಿಯನ್ನು ಅಂಗಡಿಯಲ್ಲೇ ಕತ್ತರಿಸಿ ಕೊಡಲು ಹೇಳಿ.

ಫಾರಂ ಕೋಳಿಯೋ ಜವಾರಿ ಕೋಳಿಯೋ? ನಮ್ಮ ಅವ್ವ ಹೊಳಲ್ಕೆರೆ ಕಡೆಯವಳು. ಅವಳ ಪ್ರಕಾರ ಜವಾರಿ ಬಿಟ್ಟು ಬೇರೆಯದು ಕೋಳಿಯೇ ಅಲ್ಲ. ನನ್ನ ಹೆಂಡತಿಯ ಬಾಣಂತನದಲ್ಲಿ ಮೆಣಸು ಹಾಕಿ ಅವ್ವ ಮಾಡಿದ ಜವಾರಿ ಕೋಳಿ ಸಾರಿನ ಘಮ ಇಂದಿಗೂ ನನ್ನ ಮೂಗಲ್ಲಿದೆ. ರುಚಿಯ ವಿಷಯದಲ್ಲಿ ಅವಳ ಮಾತು ನಿಜ. ಫಾರಂ ಕೋಳಿ ಸುಮಾರು ಆರು ವಾರಕ್ಕೆ ಅಂಗಡಿಗೆ ಬರುತ್ತದೆ. ಜವಾರಿ ಕೋಳಿ ತಿಂಗಳುಗಟ್ಟಲೆ ಓಡಾಡಿ ಬೆಳೆದಿರುತ್ತದೆ, ಮೂಳೆ ಬಲಿತಿರುತ್ತದೆ. ಆದರೆ ಅದಕ್ಕೆ ದುಡ್ಡೂ ಜಾಸ್ತಿ, ಬೇಯಲು ಹೊತ್ತೂ ಜಾಸ್ತಿ. ಫಾರಂ ಕೋಳಿಯ ಮೇವಿನಲ್ಲಿ ಮುಖ್ಯವಾಗಿ ಇರುವುದು ಮೆಕ್ಕೆಜೋಳ, ನಮ್ಮ ಜಿಲ್ಲೆಯ ಹೊಲ ಹೊಲದಲ್ಲಿ ಬೆಳೆಯುವ ಅದೇ ಮೆಕ್ಕೆಜೋಳ. ಅದನ್ನು ತಿಂದು ಬೆಳೆದ ಕೋಳಿ ಮಗುವಿಗೆ ಆಗುವುದಿಲ್ಲ ಅಂತ ನಾನು ಹೆದರುವುದಿಲ್ಲ. ವಾರ ವಾರ ಫಾರಂ ಕೋಳಿ, ಊರಿಂದ ಅವ್ವ ಬಂದಾಗ ಜವಾರಿ. ಹೀಗೆ ನಡೆದಿದೆ.

ಕೋಳಿಯನ್ನು ಅಂಗಡಿಯಿಂದ ಸೀದಾ ಮನೆಗೆ ತನ್ನಿ. ಅದನ್ನು ಗಾಡಿಗೆ ನೇತುಹಾಕಿಕೊಂಡು ಕೆ.ಆರ್. ಮಾರ್ಕೆಟ್ಟಿನಲ್ಲಿ ಒಂದು ಗಂಟೆ ಸೊಪ್ಪು ಆರಿಸಬೇಡಿ. ಸೊಪ್ಪು ಮೊದಲು, ಕೋಳಿ ಕೊನೆಗೆ.

ನಲ್ಲಿ ಕೆಳಗೆ ತೊಳೆಯಬೇಡಿ

ಇದಕ್ಕೆ ನಮ್ಮ ಮನೆಯಲ್ಲಿ ಎರಡು ದಿನ ಜಗಳ ಆಗಿದೆ. ಅರಿಶಿನ, ಉಪ್ಪು ಹಾಕಿ ನಾಲ್ಕು ನೀರಲ್ಲಿ ಉಜ್ಜಿ ತೊಳೆಯದ ಕೋಳಿಯನ್ನು ಅವ್ವ ಒಲೆ ಹತ್ತಿರ ಬಿಡುವುದಿಲ್ಲ. ಆದರೆ ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ನಲ್ಲಿ ನೀರು ರಭಸವಾಗಿ ಬಿದ್ದಾಗ ಅವು ಹನಿಗಳ ಜೊತೆ ಸಿಂಕಿಗೆ, ಕಟ್ಟೆಗೆ, ಪಕ್ಕದಲ್ಲೇ ಒಣಗಲು ಇಟ್ಟ ಮಗುವಿನ ಬಟ್ಟಲಿಗೆ ಸಿಡಿಯುತ್ತವೆ. ಅವು ಸಾಯುವುದು ತೊಳೆಯುವುದರಿಂದಲ್ಲ, ಬೇಯಿಸುವುದರಿಂದ. ಕೋಳಿ ಮಾಂಸ ಒಳಗೆಲ್ಲ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಯಿತು.

ಹಾಗಂತ ರಕ್ತ, ಪುಕ್ಕದ ಚೂರು ಹಾಗೇ ಬಿಡೋಕಾಗುತ್ತದೆಯೇ? ಅದಕ್ಕೆ ನಾನು ಮೊದಲ ಕುದಿ ಚೆಲ್ಲುತ್ತೇನೆ. ಮೂಳೆಗಳನ್ನು ಸೀದಾ ಪಾತ್ರೆಗೆ ಹಾಕಿ, ಮುಳುಗುವಷ್ಟು ತಣ್ಣೀರು ಹಾಕಿ ಐದು ನಿಮಿಷ ಕುದಿಸುತ್ತೇನೆ. ಬೂದು ಬಣ್ಣದ ನೊರೆ ಉಕ್ಕಿ ಬರುತ್ತದೆ. ಆ ನೀರನ್ನು ಪೂರ್ತಿ ಚೆಲ್ಲಿ, ಪಾತ್ರೆ ತೊಳೆದು, ಮೂಳೆಗಳನ್ನು ಒಂದು ಬೇಸಿನ್ ನೀರಲ್ಲಿ ಅಲುಗಾಡಿಸಿ ತೆಗೆಯುತ್ತೇನೆ. ಬೆನ್ನಿನ ಒಳಗೆ ಅಂಟಿಕೊಂಡ ಕಪ್ಪು ರಕ್ತದ ಗಡ್ಡೆ ಈಗ ಬೆರಳಲ್ಲಿ ತಳ್ಳಿದರೆ ಬರುತ್ತದೆ. ಇದನ್ನು ತೋರಿಸಿದ ಮೇಲೆ ಅವ್ವ ಒಪ್ಪಿದಳು. "ಹಂಗಾದ್ರ ಸರಿ ಬಿಡಪ್ಪ, ಹೊಲಸು ಹೋತಲ್ಲ" ಅಂದಳು.

ತೊಡೆ ಮಾಂಸವನ್ನು ಈ ಮೊದಲ ಕುದಿಗೆ ಹಾಕುವುದಿಲ್ಲ, ಅದರ ರುಚಿ ಚೆಲ್ಲಿಹೋಗುತ್ತದೆ. ಹಸಿ ಕೋಳಿ ಮುಟ್ಟಿದ ಕೈ, ಚಾಕು, ಮಣೆ, ಸಿಂಕು ಎಲ್ಲವನ್ನೂ ಸೋಪು ಹಾಕಿ ತೊಳೆದ ಮೇಲೆಯೇ ಕ್ಯಾರೆಟ್ ಮುಟ್ಟುತ್ತೇನೆ.

ಬೇಯಿಸುವುದು

ದಪ್ಪ ತಳದ ಪಾತ್ರೆ. ಚೆಲ್ಲಿ ತೊಳೆದ ಮೂಳೆ, ತೊಡೆ, ಎರಡು ಲೀಟರ್ ತಣ್ಣೀರು. ನಾವು ಕುಡಿಯುವ ನೀರನ್ನೇ ಹಾಕುತ್ತೇನೆ, ಮಗು ತಿನ್ನುವುದು ಅದನ್ನೇ ಅಲ್ವಾ. ನೀರು ತಣ್ಣಗೇ ಇರಬೇಕು. ನಿಧಾನಕ್ಕೆ ಕಾಯುತ್ತಾ ಬಂದರೆ ಉಳಿದ ನೊರೆ ಒಟ್ಟಾಗಿ ಮೇಲೆ ಬರುತ್ತದೆ, ಸೌಟಲ್ಲಿ ತೆಗೆಯುವುದು ಸುಲಭ. ಬಿಸಿ ನೀರು ಸುರಿದರೆ ಅದು ಚೂರು ಚೂರಾಗಿ ನೀರಲ್ಲೇ ತೇಲುತ್ತಿರುತ್ತದೆ.

ಕುದಿ ಬರುವ ಹೊತ್ತಿಗೆ ಒಲೆ ಬಿಟ್ಟು ಹೋಗಬೇಡಿ. ಒಂದು ಕುದಿ ಬಂದ ತಕ್ಷಣ ಉರಿ ಪೂರ್ತಿ ಸಣ್ಣ ಮಾಡಿ. ಪಾತ್ರೆಯ ಒಂದು ಮೂಲೆಯಲ್ಲಿ ಗುಳ್ಳೆ ಒಂದೊಂದಾಗಿ ಎದ್ದು ಒಡೆಯಬೇಕು, ಅಷ್ಟೇ. ಕೊತಕೊತ ಕುದಿಸಿದರೆ ಕೊಬ್ಬು ನೀರಿನ ಜೊತೆ ಬೆರೆತು ಕಟ್ಟು ಬೆಳ್ಳಗೆ ಕದಡಿ ಹೋಗುತ್ತದೆ, ಬಾಯಿಗೆ ಜಿಡ್ಡು ಜಿಡ್ಡು. ಮುಚ್ಚಳವನ್ನು ಓರೆಯಾಗಿ ಮುಚ್ಚುತ್ತೇನೆ.

ತರಕಾರಿ ಹೆಚ್ಚು ಬೇಡ. ಒಂದು ಕ್ಯಾರೆಟ್, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಉಗುರಿನಷ್ಟು ಶುಂಠಿ, ಒಂದು ಹಿಡಿ ಕೊತ್ತಂಬರಿ ದಂಟು, ಚಿಟಿಕೆ ಅರಿಶಿನ. ಎಲೆಕೋಸು, ಮೂಲಂಗಿ ಹಾಕಬೇಡಿ, ವಾಸನೆ ಕೆಡಿಸುತ್ತವೆ. ಇಡೀ ಮೆಣಸು, ಲವಂಗ, ಚಕ್ಕೆ ಚೂರು ನಾನು ಹಾಕುವುದೇ ಇಲ್ಲ. ಸೋಸುವಾಗ ಒಂದು ಕಣ್ತಪ್ಪಿದರೆ ಮಗುವಿನ ಗಂಟಲಿಗೆ ಹೋಗುತ್ತದೆ. ಮೊಟ್ಟಮೊದಲ ಸಲ ಕೊಡುವಾಗ ಕೋಳಿ ಮತ್ತು ಮಗು ಮೊದಲೇ ತಿಂದು ಅಭ್ಯಾಸ ಇರುವ ಒಂದು ತರಕಾರಿ ಸಾಕು. ಮೂರು ದಿನ ನೋಡಿ. ಮೈಮೇಲೆ ದದ್ದು, ವಾಂತಿ, ಭೇದಿ ಇಲ್ಲ ಅಂದರೆ ಮುಂದಿನ ವಾರ ಇನ್ನೊಂದು ಸೇರಿಸಿ.

ಅರ್ಧ ಗಂಟೆ ಆದ ಮೇಲೆ ತೊಡೆಯನ್ನು ಎತ್ತಿ ನೋಡಿ. ದಪ್ಪ ಇರುವ ಕಡೆ ಚಾಕು ಚುಚ್ಚಿದರೆ ಕೆಂಪು ನೀರು ಬರಬಾರದು, ಒಳಗೆ ಗುಲಾಬಿ ಬಣ್ಣ ಇರಬಾರದು. ಬೆಂದಿದ್ದರೆ ಹೊರಗೆ ತೆಗೆಯಿರಿ. ಮಾಂಸ ಬಿಡಿಸಿ ಇಟ್ಟುಕೊಂಡು, ಮೂಳೆಯನ್ನು ವಾಪಸ್ ಪಾತ್ರೆಗೆ ಹಾಕಿ. ಮೂರು ಗಂಟೆ ಅದನ್ನೂ ಬೇಯಿಸಿದರೆ ಮಾಂಸ ಹತ್ತಿಯ ನಾರಿನಂತಾಗುತ್ತದೆ. ಹಲ್ಲಿಲ್ಲದ ಬಾಯಿಗೆ ಅದು ಕಷ್ಟ. ಉಳಿದದ್ದು ಒಟ್ಟು ಮೂರು ಗಂಟೆ ಬೇಯಲಿ. ಜವಾರಿಯಾದರೆ ನಾಲ್ಕು. ನೀರು ಮೂಳೆಗಿಂತ ಕೆಳಗೆ ಇಳಿದರೆ ಸ್ವಲ್ಪ ಬಿಸಿನೀರು ಸೇರಿಸಿ. ಕೊನೆಗೆ ನನಗೆ ಹತ್ತಿರ ಹತ್ತಿರ ಒಂದೂಕಾಲು ಲೀಟರ್ ಸಿಗುತ್ತದೆ.

ಮೂರು ಗಂಟೆ ಗ್ಯಾಸ್ ಉರಿಸೋಕೆ ಆಗಲ್ಲ ಅನ್ನುವವರಿಗೆ ಕುಕ್ಕರ್ ಇದೆ. ಐದು ಲೀಟರ್ ಕುಕ್ಕರಿಗೆ ಅಷ್ಟೇ ಮೂಳೆ, ಒಂದೂವರೆ ಲೀಟರ್ ನೀರು. ಎಲ್ಲ ಸೇರಿ ಕುಕ್ಕರಿನ ಮೂರರಲ್ಲಿ ಎರಡು ಭಾಗ ಮೀರಬಾರದು. ಒಂದು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಆಮೇಲೆ ಆವಿ ತಾನಾಗಿ ಇಳಿಯಲಿ. ವೆಯ್ಟ್ ಎತ್ತಿ ಬಲವಂತವಾಗಿ ಆವಿ ಬಿಟ್ಟರೆ ಒಳಗೆ ದಿಢೀರನೆ ಕುದಿ ಎದ್ದು ಕಟ್ಟು ಕದಡುತ್ತದೆ. ತೊಡೆ ಮಾಂಸವನ್ನು ಬೇರೆಯಾಗಿ ಬೇಯಿಸಿಕೊಂಡು ಆ ನೀರನ್ನೂ ಇದಕ್ಕೆ ಸೇರಿಸಿ. ಹೆಂಡತಿಗೆ ರಾತ್ರಿ ಡ್ಯೂಟಿ ಇರುವ ವಾರ ನಾನು ಮಾಡುವುದು ಕುಕ್ಕರಿನಲ್ಲೇ. ರುಚಿಯಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ಮಗಳು ಈವರೆಗೆ ತಕರಾರು ಮಾಡಿಲ್ಲ.

ಸೋಸುವುದು

ಇಲ್ಲಿ ಅವಸರ ಮಾಡಬೇಡಿ. ಬೇರೆ ಎಲ್ಲಾದರೂ ಮಾಡಿ, ಇಲ್ಲಿ ಬೇಡ.

ಶುರುವಿನಲ್ಲಿ ನಾನು ಸ್ಟೀಲ್ ಜರಡಿಯಲ್ಲಿ ಒಂದು ಸಲ ಸೋಸಿ ಬಿಡುತ್ತಿದ್ದೆ. ಒಂದು ದಿನ ಗಂಜಿ ಬಿಸಿ ಇದೆಯಾ ಅಂತ ನೋಡಲು ಒಂದು ಚಮಚ ನನ್ನ ಬಾಯಿಗೆ ಹಾಕಿಕೊಂಡೆ. ನಾಲಿಗೆ ತುದಿಗೆ ಏನೋ ಚುಚ್ಚಿತು. ಅಂಗೈ ಮೇಲೆ ಉಗಿದು ಕಿಟಕಿ ಬೆಳಕಿಗೆ ಹಿಡಿದೆ. ಅಕ್ಕಿ ಕಾಳಿನ ಅರ್ಧದಷ್ಟು ಉದ್ದ, ಸೂಜಿಯಷ್ಟು ಸಣ್ಣ. ಒಂದು ತುದಿ ಚೂಪಾಗಿ ಸೀಳಿಕೊಂಡಿತ್ತು. ಬೆಂದ ಅನ್ನದ ಬಣ್ಣವೇ ಅದಕ್ಕೂ, ಗಂಜಿಯೊಳಗೆ ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ಮಗಳು ಎದುರಿಗೆ ಕೂತು ಬಾಯಿ ತೆರೆದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ಮುಂದಿನ ಚಮಚ ಅವಳದಾಗಿತ್ತು.

ಕತ್ತಿಯಲ್ಲಿ ಕೊಚ್ಚಿದ ಮೂಳೆ ಹೀಗೆ ಸೀಳುತ್ತದೆ. ಅದಕ್ಕೇ ಅಂಗಡಿಯಲ್ಲಿ ಇಡಿಯಾಗಿ ಕೊಡಿ ಅನ್ನುವುದು. ದೊಡ್ಡದಾದರೆ ಕೀಲು ಇರುವ ಕಡೆ ಬಿಡಿಸಲಿ, ಮೂಳೆಯ ನಡುವೆ ಹೊಡೆಯಬಾರದು. ಇನ್ನು ಕತ್ತಿನಲ್ಲಿ ಸಣ್ಣ ಸಣ್ಣ ಮಣಿಯಂಥ ಮೂಳೆಗಳಿರುತ್ತವೆ, ಬಹಳ ಹೊತ್ತು ಬೆಂದ ಮೇಲೆ ತಾವಾಗೇ ಬಿಡಿಸಿಕೊಳ್ಳುತ್ತವೆ.

ಈಗ ಎರಡು ಸಲ ಸೋಸುತ್ತೇನೆ. ಮೊದಲು ಜರಡಿಯಲ್ಲಿ ದೊಡ್ಡದನ್ನೆಲ್ಲ ತೆಗೆದು, ಆಮೇಲೆ ಒಗೆದು ಕುದಿನೀರಲ್ಲಿ ಅದ್ದಿ ಹಿಂಡಿದ ತೆಳು ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಸುರಿಯುತ್ತೇನೆ. ಹಳೇ ಬಿಳಿ ಪಂಚೆಯ ಒಂದು ತುಂಡನ್ನು ಇದಕ್ಕೆಂದೇ ಇಟ್ಟಿದ್ದೇನೆ. ಬಟ್ಟೆ ಹಿಂಡಬೇಡಿ, ತಾನಾಗಿ ಇಳಿಯಲಿ. ಪಾತ್ರೆಯ ತಳದಲ್ಲಿ ಕೊನೆಗೆ ಉಳಿಯುವ ಅರ್ಧ ಲೋಟವನ್ನು ಸೋಸುವುದಿಲ್ಲ, ಚೆಲ್ಲಿಬಿಡುತ್ತೇನೆ. ಚೂರುಗಳು ಕೂರುವುದು ಅಲ್ಲೇ.

ಬಿಡಿಸಿದ ಮಾಂಸವನ್ನೂ ಬಿಳಿ ತಟ್ಟೆ ಮೇಲೆ ಬೇಡ, ಸ್ಟೀಲ್ ತಟ್ಟೆ ಮೇಲೆ ಹರಡಿ. ಬೆರಳ ತುದಿಯಿಂದ ಒತ್ತುತ್ತಾ ಹೋಗಿ. ಕಣ್ಣು ಬಿಟ್ಟದ್ದು ಬೆರಳಿಗೆ ಸಿಗುತ್ತದೆ. ತೊಡೆಯ ಜೊತೆ ಅದರ ಕೆಳಗಿನ ಲೆಗ್ ಪೀಸೂ ಬಂದಿದ್ದರೆ, ಆ ತುಂಡಲ್ಲಿ ದಪ್ಪ ಮೂಳೆಯ ಪಕ್ಕಕ್ಕೇ ಸೂಜಿಯಂಥ ಒಂದು ತೆಳು ಮೂಳೆ ಇರುತ್ತದೆ. ಅದನ್ನು ಎಣಿಸಿಯೇ ಪಕ್ಕಕ್ಕಿಡಿ. ಎರಡು ಲೆಗ್ ಪೀಸಿಗೆ ಎರಡು, ಒಂದಕ್ಕೆ ಒಂದು.

ತಣಿಸುವುದು, ಇಡುವುದು

ಏಪ್ರಿಲ್‌ನಲ್ಲಿ ನಮ್ಮೂರ ಸೆಕೆ ನಿಮಗೆ ಗೊತ್ತೇ ಇದೆ. ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ ಇರುತ್ತದೆ. ಅಂಥ ಒಂದು ರಾತ್ರಿ ಕಟ್ಟು ಒಲೆ ಮೇಲೇ ಆರಲಿ ಅಂತ ಬಿಟ್ಟು ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಅಂಚಲ್ಲಿ ಸಣ್ಣ ನೊರೆ. ಮತ್ತೆ ಕುದಿಸಿದರೆ ಆಯಿತಲ್ಲ ಅಂತ ಅವ್ವ ಅಂದಳು. ಆಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾದ ಬೀಜಾಣು ಕುದಿಗೂ ಸಾಯುವುದಿಲ್ಲ. ಕಟ್ಟು ಉಗುರುಬೆಚ್ಚಗೆ ಇರುವ ಹೊತ್ತಿನಲ್ಲಿ ಅವು ಬೆಳೆಯುತ್ತವೆ. ಕೆಲವು ಬಿಡುವ ವಿಷ ಆಮೇಲೆ ಕುದಿಸಿದರೂ ಹೋಗುವುದಿಲ್ಲ. ಅವತ್ತಿನದನ್ನು ಪೂರ್ತಿ ಚೆಲ್ಲಿದೆ.

ಸೋಸಿದ ಕಟ್ಟು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಬೇಸಿಗೆಯಲ್ಲಿ ಒಂದೇ ಗಂಟೆ. ದೊಡ್ಡ ಬೇಸಿನ್ನಿಗೆ ತಣ್ಣೀರು ತುಂಬಿ ಅದರೊಳಗೆ ಪಾತ್ರೆ ಇಡಿ. ನೀರು ಬೆಚ್ಚಗಾದ ಹಾಗೆ ಬದಲಿಸಿ, ಕಟ್ಟನ್ನು ಆಗಾಗ ಸೌಟಲ್ಲಿ ತಿರುವಿ. ಮೂರು ಸಲ ನೀರು ಬದಲಿಸುವಷ್ಟರಲ್ಲಿ ಆರಿರುತ್ತದೆ. ಒಂದೇ ದೊಡ್ಡ ಡಬ್ಬಿಯಲ್ಲಿ ಇಡುವ ಬದಲು ಅಗಲವಾದ ಎರಡು ಮೂರು ಸಣ್ಣ ಡಬ್ಬಿಗೆ ಹಂಚಿದರೆ ಬೇಗ ತಣ್ಣಗಾಗುತ್ತದೆ.

ಮರುದಿನ ಬೆಳಿಗ್ಗೆ ಡಬ್ಬಿ ತೆಗೆದಾಗ ಕಟ್ಟು ಜೆಲ್ಲಿಯಂತೆ ನಡುಗುತ್ತಿದ್ದರೆ ಚೆನ್ನಾಗಿ ಬಂದಿದೆ ಅಂತ ಅರ್ಥ. ಕೆಟ್ಟಿದೆ ಅಂದುಕೊಂಡು ಚೆಲ್ಲಬೇಡಿ, ಅದೇ ಜೆಲಾಟಿನ್. ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ. ಮೇಲೆ ಕಟ್ಟಿದ ಹಳದಿ ಕೊಬ್ಬನ್ನು ಪೂರ್ತಿ ಕೆರೆದು ತೆಗೆಯುವವರನ್ನು ನೋಡಿದ್ದೇನೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಬ್ಬು ಬೇಕು. ದಪ್ಪ ಪದರ ಇದ್ದರೆ ಅರ್ಧ ತೆಗೆದು ನಮ್ಮ ಒಗ್ಗರಣೆಗೆ ಬಳಸುತ್ತೇನೆ, ಉಳಿದದ್ದು ಮಗಳಿಗೇ.

ಫ್ರಿಜ್‌ನಲ್ಲಿ ಎರಡು ದಿನ ಮಾತ್ರ. ದೊಡ್ಡವರಿಗಾದರೆ ಮೂರು ನಾಲ್ಕು ದಿನ ನಡೆಯುತ್ತದೆ, ಮಗುವಿಗೆ ನಾನು ಎರಡೇ ದಿನ ಅಂತ ಇಟ್ಟುಕೊಂಡಿದ್ದೇನೆ. ಉಳಿದದ್ದು ಐಸ್ ಟ್ರೇಗೆ. ನಮ್ಮ ಟ್ರೇಯ ಒಂದು ಗುಳಿಯಲ್ಲಿ ಹೆಚ್ಚು ಕಡಿಮೆ 20 ಮಿಲಿ ಹಿಡಿಯುತ್ತದೆ. ಗಟ್ಟಿಯಾದ ಮೇಲೆ ಕಳಚಿ ಕವರಿಗೆ ಹಾಕಿ, ಅಂಗಡಿಯಿಂದ ತಂದ ಸ್ಟಿಕ್ಕರ್ ಮೇಲೆ ತಾರೀಕು ಬರೆದು ಅಂಟಿಸುತ್ತೇನೆ. ಎರಡು ತಿಂಗಳ ತನಕ ಬಳಸಬಹುದು. ಬಿಡಿಸಿದ ಮಾಂಸವನ್ನೂ ಹೀಗೇ ಸ್ವಲ್ಪ ಕಟ್ಟು ಸೇರಿಸಿ ಟ್ರೇಯಲ್ಲಿ ಇಡುತ್ತೇನೆ.

ಕರೆಂಟ್ ಹೋಗುವುದಕ್ಕೆ ಒಂದು ಉಪಾಯ. ಸಣ್ಣ ಲೋಟದಲ್ಲಿ ನೀರು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಅಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ಮಂಜಿನೊಳಗೆ ಇಳಿದಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಲೆಕ್ಕ. ದುಗ್ಗಮ್ಮನ ಜಾತ್ರೆ ಮುಗಿದ ಮೇಲೆ ನಾವು ಮೂರು ದಿನ ಅವ್ವನ ಊರಲ್ಲಿ ಇದ್ದು ಬಂದಾಗ ನಾಣ್ಯ ಲೋಟದ ತಳ ಮುಟ್ಟಿತ್ತು. ಹದಿನೆಂಟು ಗುಳಿಯಷ್ಟು ಕಟ್ಟನ್ನು ಕಣ್ಣುಮುಚ್ಚಿಕೊಂಡು ಚೆಲ್ಲಿದೆ.

ಊಟಕ್ಕೆ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ. ಇಲ್ಲಿ ಜೋರು ಕುದಿಯೇ ಬೇಕು. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ಗೆ ಇಡಬೇಡಿ. ಮಗುವಿನ ಬಟ್ಟಲಲ್ಲಿ ಉಳಿದದ್ದನ್ನೂ ಇಡಬೇಡಿ, ಎಂಜಲು ಸೇರಿರುತ್ತದೆ.

ಯಾವುದಕ್ಕೆ ಹಾಕಬೇಕು

ಏಳು ಎಂಟು ತಿಂಗಳಲ್ಲಿ ಎರಡು ಚಮಚ ಅಕ್ಕಿ, ಒಂದು ಚಮಚ ಹೆಸರುಬೇಳೆ, ಒಂದು ಲೋಟ ಕಟ್ಟು ಹಾಕಿ ಮೆತ್ತಗೆ ಬೇಯಿಸಿ, ಎರಡು ಚಮಚ ಕೋಳಿ ಮಾಂಸ ಸೇರಿಸಿ ಮಿಕ್ಸಿಯಲ್ಲಿ ತಿರುವುತ್ತಿದ್ದೆ. ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ನಿಂಬೆಯ ವಿಟಮಿನ್ ಸಿ ಇದ್ದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಎಷ್ಟು ಗಟ್ಟಿ ಇರಬೇಕು? ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಚಮಚದಲ್ಲೇ ನಿಲ್ಲಬೇಕು. ತೆಳ್ಳಗೆ ಮಾಡಿದರೆ ಮತ್ತೆ ನನ್ನ ಹಳೇ ತಪ್ಪೇ ಆಗುತ್ತದೆ.

ಮೊಳಕೆ ರಾಗಿ ಹಿಟ್ಟಿನ ಸರಿಗೂ ಇದು ಹೊಂದುತ್ತದೆ, ಬೆಲ್ಲದ ಸರಿಗಲ್ಲ, ಸಪ್ಪೆ ಸರಿಗೆ. ಹಿಟ್ಟನ್ನು ತಣ್ಣೀರಲ್ಲಿ ಕಲೆಸಿಕೊಂಡು ಕುದಿಯುವ ಕಟ್ಟಿಗೆ ಸುರಿದು ಗಂಟಾಗದಂತೆ ತಿರುವಿ.

ಒಂಬತ್ತು ತಿಂಗಳ ಮೇಲೆ ಮಿಕ್ಸಿ ಬಿಟ್ಟೆ. ನವಣೆ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ, ಒಂದಕ್ಕೆ ನಾಲ್ಕರಷ್ಟು ಕಟ್ಟು ಹಾಕಿ ಬೇಯಿಸಿ, ಕ್ಯಾರೆಟ್ ತುರಿ, ಸಣ್ಣಗೆ ಎಳೆ ಬಿಡಿಸಿದ ಮಾಂಸ, ಒಂದು ಚಮಚ ತುಪ್ಪ. ಸೌಟಿನ ಹಿಂಬದಿಯಿಂದ ಮಸೆದರೆ ಆಯಿತು. ಮಗಳಿಗೆ ಇದೇ ಎಲ್ಲಕ್ಕಿಂತ ಇಷ್ಟ. ವರ್ಷ ತುಂಬಿದ ಮೇಲೆ ನಮ್ಮ ತಟ್ಟೆಯ ಜೋಳದ ರೊಟ್ಟಿಯನ್ನೇ ಚೂರು ಮಾಡಿ ಬಿಸಿ ಕಟ್ಟಿನಲ್ಲಿ ನೆನೆಸಿ ಕೊಡುತ್ತೇನೆ. ಹತ್ತು ನಿಮಿಷಕ್ಕೆ ಹಿಸುಕಿದರೆ ಕರಗುವಂತಾಗುತ್ತದೆ.

ಉಪ್ಪು ಒಂದು ವರ್ಷದವರೆಗೆ ಹಾಕಲೇ ಇಲ್ಲ. ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸಿದರೆ ಮಗುವಿಗೂ ಸಪ್ಪೆ ಅಂತಲ್ಲ, ಅದಕ್ಕೆ ಉಪ್ಪಿನ ರುಚಿಯೇ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಸೂಪ್ ಕ್ಯೂಬು, ಸೂಪ್ ಪುಡಿ ಬೇಡವೇ ಬೇಡ. ಅವುಗಳಲ್ಲಿ ಉಪ್ಪೇ ಬಹಳ. ಭೇದಿ ಆದಾಗಲೂ ಓಆರ್‌ಎಸ್ ಬದಲಿಗೆ ಕಟ್ಟು ಕೊಡಬೇಡಿ. ಓಆರ್‌ಎಸ್‌ನಲ್ಲಿ ಉಪ್ಪು, ಸಕ್ಕರೆ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಕಟ್ಟಿನಲ್ಲಿ ಆ ಲೆಕ್ಕ ಇರುವುದಿಲ್ಲ.

ಶ್ರಾವಣದಲ್ಲಿ ಅವ್ವ ಮನೆಯೊಳಗೆ ಕೋಳಿ ಬಿಡುವುದಿಲ್ಲ. ನನಗೂ ಅದನ್ನು ಮೀರುವ ಮನಸ್ಸಿಲ್ಲ. ಆ ತಿಂಗಳು ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಜೀರಿಗೆ, ಬೆಳ್ಳುಳ್ಳಿ, ಟೊಮೆಟೊ ಹಾಕಿ ಮೆತ್ತಗೆ ಬೇಯಿಸಿ ಬಸಿಯುತ್ತೇನೆ. ಬೆಂದ ಕಾಳನ್ನು ಮಸೆದು ಮಾಂಸದ ಬದಲಿಗೆ ಗಂಜಿಗೆ ಸೇರಿಸುತ್ತೇನೆ. ಬಸಿದ ನೀರು ಅದೇ ಟ್ರೇಗೆ ಹೋಗುತ್ತದೆ. ಸ್ಟಿಕ್ಕರ್ ಮೇಲೆ ಮಾತ್ರ ಬೇರೆ ಬರೆಯುತ್ತೇನೆ: ಹೆಸರು ಕಟ್ಟು, ತಾರೀಕು.